ದರ್ಶನದ ದೃಶ್ಯ ಪ್ರವಚನವಾಗುತ್ತಿದೆಯೇ?

ಮಹಾರಾಷ್ಟ್ರದ ಯಾತ್ರಾಸ್ಥಳ ಆಳಂದಿಯಲ್ಲಿ, ಇಂದ್ರಾಯಣಿ ನದಿಯ ದಡದಲ್ಲಿ ನಿಮ್ಮ ಕಾದಂಬರಿಯ ನಾಯಕಿಗೆ ಆಗುವ ಅರಿವು ಪ್ರವಚನದಂತೆ ಕೇಳಿಸುತ್ತಿದೆ ಎಂದಿದ್ದೀರಿ. ಉತ್ತರ ನಿಮಗೆ ಮೊದಲೇ ಗೊತ್ತಿದೆ, ಅವಳು ಅದನ್ನು ಒಪ್ಪಿಸುತ್ತಿದ್ದಾಳೆ, ಅಷ್ಟೇ. ಆ ದೃಶ್ಯದಿಂದ ಆತ್ಮ, ಬೆಳಕು, ಶಾಂತಿ, ಅನಂತ ಎಂಬ ಪದಗಳನ್ನೆಲ್ಲ ಹೊಡೆದುಹಾಕಿ. ಕಾಲಿಗೆ ತಾಗುವ ಘಾಟಿನ ಕಲ್ಲು, ವಾರಕರಿಗಳ (ವಿಠ್ಠಲನ ಭಕ್ತ ಯಾತ್ರಿಕರ) ತಾಳದ ಸದ್ದು, ಒದ್ದೆ ಸೆರಗು ಉಳಿಯಲಿ. ದೃಶ್ಯದಲ್ಲಿ ಗುರು ಇದ್ದರೆ, ಅವರಿಗೆ ಒಮ್ಮೆಗೆ ಎರಡು ಸಾಲಿನ ಮಾತು ಸಾಕು.

ಈ ಬರವಣಿಗೆ ನಿಮ್ಮ ಸ್ವಂತ ಆಧ್ಯಾತ್ಮಿಕ ಹುಡುಕಾಟಕ್ಕೂ ಒದಗಬೇಕಾದರೆ: ದಿನಾ ಬೆಳಿಗ್ಗೆ 20 ನಿಮಿಷ, ನಿಮ್ಮನ್ನೇ ಕಾಡುವ ಪ್ರಶ್ನೆಯನ್ನು ನಾಯಕಿಯ ಬಾಯಲ್ಲಿ ಕೇಳಿಸಿ, ಕೈಯಲ್ಲೇ ಬರೆಯಿರಿ. ತಿದ್ದಬೇಡಿ (ತಿದ್ದಲು ಕೂತರೆ ಮನಸ್ಸು ಚೆಂದದ ಸುಳ್ಳು ಹೇಳತೊಡಗುತ್ತದೆ). ವಾರ ಬಿಟ್ಟು ಓದಿ. ಮುಜುಗರ ತರುವ ಸಾಲು ಸಿಕ್ಕರೆ ಅಳಿಸಬೇಡಿ, ಅಧ್ಯಾಯವನ್ನು ಅಲ್ಲಿಂದಲೇ ಶುರುಮಾಡಿ.