ಎಬಿಸಿಡಿ ಇರಲಿ, ಮೊದಲು ಡಬ್ಬಿ ತೆಗೆಯಲು ಬರಲಿ

ಪ್ರಶ್ನೆ: ಅಕ್ಕಾ, ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಮಗನಿಗೆ ಮಾರ್ಚ್‌ನಲ್ಲಿ 4 ತುಂಬಿತು. ಜೂನ್‌ನಲ್ಲಿ ಪೇಟೆಯ ಶಾಲೆಗೆ, ಎಲ್‌ಕೆಜಿಗೆ ಸೇರಿಸುತ್ತಿದ್ದೇವೆ. ವ್ಯಾನಿನಲ್ಲಿ ಹೋಗಬೇಕು. ಅಜ್ಜಿಯನ್ನು ಬಿಟ್ಟು ಒಂದು ಗಳಿಗೆಯೂ ಇರುವುದಿಲ್ಲ. ಪಕ್ಕದ ಮನೆ ಹುಡುಗಿ ಆಗಲೇ ಎಬಿಸಿಡಿ, ಐವತ್ತರ ತನಕ ನಂಬರ್ ಬರೆಯುತ್ತಾಳೆ. ಇವನಿಗೆ ಪೆನ್ಸಿಲ್ ಹಿಡಿಯಲೂ ಬಾರದು. ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬರುವುದಿಲ್ಲ. ಏನು ಮಾಡಲಿ?

ಉತ್ತರ: ನೋಡಮ್ಮಾ, ಆ ಪೆನ್ಸಿಲ್ಲನ್ನು ಸದ್ಯಕ್ಕೆ ಎತ್ತಿಡಿ. ಬರೆಯಲು ಕಲಿಯಲಿ ಅಂತಲೇ ಶಾಲೆಗೆ ಸೇರಿಸುವುದು, ಅಲ್ವಾ? ಈ ವಯಸ್ಸಿಗೆ ಬೆರಳಿಗೆ ಇನ್ನೂ ಅಷ್ಟು ಕಸುವು ಬಂದಿರುವುದಿಲ್ಲ. ಕೂರಿಸಿ ಬರೆಸಿದರೆ ಪುಸ್ತಕ ಕಂಡರೇ ಓಡುತ್ತಾನೆ. ಬಟಾಣಿ ಸುಲಿಯಲಿ, ರೊಟ್ಟಿ ಹಿಟ್ಟು ನಾದಲಿ, ಅಷ್ಟು ಸಾಕು. ವಯಸ್ಸಿನಲ್ಲೂ ಅವನು ಹಿಂದಿಲ್ಲ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ತುಂಬಿರಬೇಕು ಅಂತ ಸರ್ಕಾರ 2022ರಲ್ಲೇ ಆದೇಶ ಮಾಡಿದೆ. ಆ ಲೆಕ್ಕಕ್ಕೆ ಎಲ್‌ಕೆಜಿಗೆ ನಾಲ್ಕು ಸರಿಯಾದ ವಯಸ್ಸೇ.

ಹಾಸನದ ಶಿಶುವಿಹಾರದಲ್ಲಿ ಚಿಕ್ಕ ಮಕ್ಕಳ ಜೊತೆಗೇ ಇದ್ದವಳು ನಾನು. ಎಬಿಸಿಡಿ ಬರಲಿಲ್ಲ ಅಂತ ಯಾವ ಮಗುವೂ ಅತ್ತದ್ದು ನೋಡಿಲ್ಲ. ಒಬ್ಬ ಹುಡುಗ ಊಟದ ಹೊತ್ತಿಗೆ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಮಂಕಾಗಿ ಕೂತಿದ್ದ. ಹೊಸ ಡಬ್ಬಿ, ನಾಲ್ಕೂ ಕಡೆ ಗಟ್ಟಿ ಕ್ಲಿಪ್ಪು. ಎಳೆದೂ ಎಳೆದೂ ಬೆರಳ ತುದಿ ಕೆಂಪಾಗಿತ್ತು. ಮಿಸ್ಸನ್ನು ಕೇಳಲು ನಾಚಿಕೆ. ತೆಗೆದುಕೊಟ್ಟ ಕೂಡಲೇ ಅಕ್ಕಿರೊಟ್ಟಿ ಪೂರ್ತಿ ಖಾಲಿ ಮಾಡಿದ!

ಹಾಗಾಗಿ ಶಾಲೆಗೆ ಕಳಿಸುವ ಡಬ್ಬಿಯಲ್ಲೇ ಈಗಿಂದ ಮನೆಯಲ್ಲೂ ತಿಂಡಿ ಕೊಡಿ. ಅವನೇ ತೆಗೆಯಲಿ, ಅವನೇ ಮುಚ್ಚಲಿ, ಚೆಲ್ಲಿದರೆ ಚೆಲ್ಲಲಿ. ಅಜ್ಜಿ ತುತ್ತು ಮಾಡಿ ತಿನ್ನಿಸುವುದನ್ನು ನಿಧಾನಕ್ಕೆ ಬಿಡಿಸಿ. ಬೆಲ್ಟು, ಹುಕ್ಕು ಬೇಡ, ಎಲಾಸ್ಟಿಕ್ ಚಡ್ಡಿಯೇ ಇರಲಿ. ಸುಸು ಬಂದರೆ ಬಾಯಿಬಿಟ್ಟು ಹೇಳಲು ಅಭ್ಯಾಸ ಮಾಡಿಸಿ. ಕನ್ನಡದಲ್ಲೇ ಹೇಳಲಿ, ಮಿಸ್‌ಗೆ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲೇ ಕೇಳಬೇಕು ಅಂತ ಹೆದರಿಸಿದರೆ ತಡೆದುಕೊಂಡು ಕೂರುತ್ತಾನೆ, ಅದು ಒಳ್ಳೆಯದಲ್ಲ. ಇನ್ನೊಂದು ಮಾತು. ಮನೆಯಲ್ಲಿ ಎಲ್ಲರೂ ಪುಟ್ಟ, ಚಿನ್ನು ಅಂತ ಕರೆಯುತ್ತೀರೇನೋ. ಹಾಜರಿ ಪುಸ್ತಕದ ಹೆಸರು ಕೂಗಿದರೆ ಎಷ್ಟೋ ಮಕ್ಕಳು ತಿರುಗಿಯೂ ನೋಡುವುದಿಲ್ಲ. ಆ ಹೆಸರು ಹಿಡಿದು ಕರೆಯಲು ಶುರು ಮಾಡಿ.

ಅಜ್ಜಿಯ ವಿಷಯ ಇದೆಲ್ಲಕ್ಕಿಂತ ದೊಡ್ಡದು. ದಯವಿಟ್ಟು ಮಗುವಿನ ಕಣ್ಣು ತಪ್ಪಿಸಿ ಹೋಗಬೇಡಿ. ಹಾಗೆ ಹೋದರೆ ಆಮೇಲೆ ಸೆರಗು ಬಿಡುವುದೇ ಇಲ್ಲ. ಅಜ್ಜಿ ಸಂತೆಗೆ ಹೊರಟಾಗ ಅವನಿಗೆ ಹೇಳಿಯೇ ಹೋಗಲಿ. ‘ನೀನು ಊಟ ಮಾಡುವಷ್ಟರಲ್ಲಿ ಬರ್ತೀನಿ’ ಅಂದರೆ ಅಷ್ಟರಲ್ಲಿ ಬರಲೇಬೇಕು. ಮಗುವಿಗೆ ಗಂಟೆ ಗೊತ್ತಿಲ್ಲ, ಊಟ ಗೊತ್ತು. ವ್ಯಾನು ಬಂದಾಗ ಒಂದು ಮುತ್ತು ಕೊಟ್ಟು, ಟಾಟಾ ಹೇಳಿ, ಹತ್ತಿಸಿಬಿಡಿ. ಅಜ್ಜಿ ಕಣ್ಣೊರೆಸಿಕೊಳ್ಳುತ್ತಾ ಗೇಟಿನಲ್ಲಿ ನಿಂತರೆ ಅವನೂ ಇಳಿದು ಬರುತ್ತಾನೆ. ಅಜ್ಜಿಗೂ ಇದನ್ನು ಸಮಾಧಾನವಾಗಿ ಹೇಳಿ, ಅವರಿಗೂ ಸಂಕಟವಿರುತ್ತದೆ. ‘ಹಟ ಮಾಡಿದರೆ ಮಿಸ್ ಹೊಡೀತಾರೆ’ ಅನ್ನುವ ಮಾತಂತೂ ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು.

ನಿಮ್ಮ ಕಡೆ ಮಳೆಯದೊಂದು ತೊಂದರೆ. ಮಗು ಹೊಂದಿಕೊಳ್ಳುವಷ್ಟರಲ್ಲಿ ಜುಲೈನಲ್ಲಿ ಮಳೆ ರಜೆ ಕೊಡುತ್ತಾರೆ. ರಜೆ ಮುಗಿದ ದಿನ ಮತ್ತೆ ಅಳು ಶುರು. ಅದಕ್ಕೆ ಗಾಬರಿ ಬೇಡ. ರಜೆಯಲ್ಲೂ ಅದೇ ಹೊತ್ತಿಗೆ ಎಬ್ಬಿಸಿ, ತಿಂಡಿ ಡಬ್ಬಿಯಲ್ಲೇ ಇರಲಿ. ರೇನ್‌ಕೋಟನ್ನು ಸುಮ್ನೆ ಮನೆಯೊಳಗೇ ಹಾಕಿ ಬಿಚ್ಚಿ ಆಡಲಿ. ಬ್ಯಾಗಿನಲ್ಲಿ ಒಂದು ಜೊತೆ ಒಣ ಬಟ್ಟೆ ಯಾವಾಗಲೂ ಇಡಿ.

ಆಗಸ್ಟ್ ಬಂದರೂ ಅಳು ನಿಲ್ಲದಿದ್ದರೆ, ಊಟ ಬಿಟ್ಟರೆ, ರಾತ್ರಿ ಬೆಚ್ಚಿ ಏಳುತ್ತಿದ್ದರೆ ಮಾತ್ರ ಕಾಯಬೇಡಿ. ಶಾಲೆಗೆ ಹೋಗಿ ಮಿಸ್ ಹತ್ತಿರ ಕೂತು ಮಾತಾಡಿ. ವ್ಯಾನಿನಲ್ಲಿ ದೊಡ್ಡ ಮಕ್ಕಳು ಏನಾದರೂ ಕಾಡುತ್ತಾರಾ ಅಂತಲೂ ವಿಚಾರಿಸಿ. ನನಗೂ ಇನ್ನೊಂದು ಕಾಗದ ಬರೆಯಿರಿ.