ಮನೆಯ ರೊಟ್ಟಿಯ ಆರ್ಡರ್ ಮೊದಲ ಸಾಲಿನಲ್ಲಿರಲಿ

ಪ್ರಶ್ನೆ: ನಾನು ಮನೆಯಲ್ಲೇ ರೊಟ್ಟಿ ಮಾಡಿ ಮಾರುತ್ತೇನೆ. ಖಾನಾವಳಿಗಳಿಗೆ ದಿನಾ ಬಿಸಿ ರೊಟ್ಟಿ, ಅಂಗಡಿಗಳಿಗೆ ಕಡಕ್ ರೊಟ್ಟಿ, ಹಬ್ಬ ಬಂದರೆ ಶೇಂಗಾ ಹೋಳಿಗೆ. ನಸುಕಿನಲ್ಲಿ ಹಚ್ಚಿದ ಒಲೆ ಆರುವುದು ರಾತ್ರಿಗೇ. ಗಿರಾಕಿಗಳು ಉಣ್ಣುವ ಹೊತ್ತು, ಮಲಗುವ ಹೊತ್ತು ನೋಡದೆ ಬಾಗಿಲು ಬಡಿಯುತ್ತಾರೆ. ಕಳೆದ ಎಳ್ಳಮಾವಾಸ್ಯೆಗೆ ಓಣಿಯವರೆಲ್ಲ ನಾನು ಮಾಡಿದ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋದರು, ನಾವು ಹೋಗಲಿಲ್ಲ. ಮೂರನೇ ಇಯತ್ತೆ ಓದುವ ಮಗ "ಅವ್ವಾ, ನಮಗ ಯಾವಾಗ ಮಾಡ್ತಿ?" ಅಂದ. ಮನೆ ನಡೆಯುವುದು ಈ ದುಡಿಮೆಯಿಂದಲೇ, ಬಿಡುವಂತಿಲ್ಲ. ಏನು ಮಾಡಲಿ?
— ಓದುಗರೊಬ್ಬರು, ವಿಜಯಪುರ ಜಿಲ್ಲೆ

ಉತ್ತರ: ಬಿಡಬೇಡಿ ತಾಯಿ. ಆದರೆ ಮುಂದಿನ ಎಳ್ಳಮಾವಾಸ್ಯೆಗೆ ನೀವು ಮಗನನ್ನು ಕರೆದುಕೊಂಡು ಹೊಲಕ್ಕೆ ಹೋಗಲೇಬೇಕು. ಭೂತಾಯಿಗೆ ಎಡೆಯೆಂದು ಹಬ್ಬದಡುಗೆಯನ್ನು ಹೊಲದಲ್ಲಿ ಚರಗ ಚೆಲ್ಲಿ, ಮರದ ನೆರಳಿಗೆ ಕೂತು ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ ಉಣ್ಣುವ ಆ ಒಂದು ದಿನ ನಮ್ಮ ಕಡೆಯ ಮಕ್ಕಳಿಗೆ ಎಷ್ಟು ದೊಡ್ಡದು ಎನ್ನುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸಿದವಳು. ಈಗ ಅದನ್ನು ಸೊಸೆ ನೋಡಿಕೊಳ್ಳುತ್ತಾಳೆ. ನಮ್ಮಲ್ಲಿ ಒಂದು ಪದ್ಧತಿ ಇದೆ. ಹಬ್ಬದ ಆರ್ಡರ್‌ಗೆಂದು ಪುಸ್ತಕದಲ್ಲಿ ಹೊಸ ಪುಟ ತೆಗೆದಾಗ ಮೊದಲ ಸಾಲಿನಲ್ಲಿ ಬರೆಯುವುದು ನಮ್ಮ ಮನೆಯ ಆರ್ಡರ್: ಇಷ್ಟು ಸಜ್ಜಿ ರೊಟ್ಟಿ, ಇಷ್ಟು ಹೋಳಿಗೆ, ಇಂಥ ದಿನ, ಇಷ್ಟು ಗಂಟೆಗೆ. ಎರಡನೇ ಸಾಲಿನಿಂದ ಗಿರಾಕಿಗಳು. ಬರೆದಿಟ್ಟ ಆರ್ಡರ್ ಯಾರದೇ ಇರಲಿ, ಅದನ್ನು ತಪ್ಪಿಸಲು ಕೈ ಬರುವುದಿಲ್ಲ. "ಎಲ್ಲರದ್ದೂ ಮುಗಿಯಲಿ, ಆಮೇಲೆ ನಮ್ಮದು" ಎಂದು ಬಾಯಲ್ಲಿ ಹೇಳಿಕೊಂಡರೆ ಆ ಆಮೇಲೆ ಬರುವುದೇ ಇಲ್ಲ. ಮೊದಲ ಸಾಲನ್ನು ಮಗನ ಕೈಯಲ್ಲೇ ಬರೆಸಿ.

ಇನ್ನು ಕೆಲಸದ ಲೆಕ್ಕ. ಬಿಸಿ ರೊಟ್ಟಿಯನ್ನು ಅದೇ ದಿನ ಮುಟ್ಟಿಸಬೇಕು, ಅದು ಖಾನಾವಳಿಯವರ ಊಟದ ಹೊತ್ತಿಗೆ ನಿಮ್ಮನ್ನು ಕಟ್ಟಿಹಾಕುತ್ತದೆ. ಕಡಕ್ ರೊಟ್ಟಿ ಹಾಗಲ್ಲ. ಚೆನ್ನಾಗಿ ಒಣಗಿಸಿ ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಇರುತ್ತದೆ, ನಿಮಗೆ ಅನುಕೂಲವಾದ ಹೊತ್ತಿನಲ್ಲಿ ಬಡಿಯಬಹುದು. ಆದ್ದರಿಂದ ಬಿಸಿ ರೊಟ್ಟಿಯ ಗಿರಾಕಿಗಳಲ್ಲಿ ಸರಿಯಾಗಿ ದುಡ್ಡು ಕೊಡುವ ಒಬ್ಬಿಬ್ಬರನ್ನು ಮಾತ್ರ ಉಳಿಸಿಕೊಳ್ಳಿ, ಉಳಿದ ಶಕ್ತಿಯನ್ನೆಲ್ಲ ಕಡಕ್ ರೊಟ್ಟಿಗೆ ಹಾಕಿ. ಹಬ್ಬದ ಸಜ್ಜಿ ರೊಟ್ಟಿಯನ್ನೂ ವಾರ ಮೊದಲೇ ಕಡಕ್ ಮಾಡಿ ಪೇರಿಸಿಡಬಹುದು. ಒಂದು ಎಚ್ಚರಿಕೆ: ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ. ಅದನ್ನು ಗಿರಣಿಗೆ ಕಳಿಸುವುದು ಬಡಿಯುವ ಹಿಂದಿನ ದಿನ, ಎರಡು ದಿನಕ್ಕಾಗುವಷ್ಟು ಮಾತ್ರ. ಶೇಂಗಾ ಹೋಳಿಗೆಯೂ ತಡೆಯುತ್ತದೆ, ನಾಕು ದಿನ ಮೊದಲು ಮಾಡಿದರೆ ತೊಂದರೆಯಿಲ್ಲ. ಕಡಲೆಬೇಳೆ ಹೂರಣದ ಹೋಳಿಗೆ ಮಾತ್ರ ಹಬ್ಬದ ಮುಂಚಿನ ದಿನಗಳಲ್ಲಿ ಒಪ್ಪಿಕೊಳ್ಳಬೇಡಿ. ಅದು ಬೇಗ ಹಳಸುತ್ತದೆ, ಹಬ್ಬದ ದಿನವೇ ನಿಮ್ಮನ್ನು ಒಲೆಯ ಮುಂದೆ ಕೂರಿಸುತ್ತದೆ. ಎಳ್ಳಮಾವಾಸ್ಯೆ ಮುಗಿಯುತ್ತಲೇ ಸಂಕ್ರಾಂತಿಯ ಆರ್ಡರ್ ಶುರುವಾಗುವುದರಿಂದ ಈ ಯೋಜನೆ ಎರಡೂ ಹಬ್ಬಕ್ಕೆ ಆಗಿಬರುತ್ತದೆ.

ಕೈ ಸಾಲದಿದ್ದರೆ ಓಣಿಯ ಹೆಂಗಸರನ್ನು ಕೇಳಿ. 1959ರಲ್ಲಿ ಮುಂಬೈಯ ಗಿರಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲದಿಂದ ಶುರುಮಾಡಿದ ಲಿಜ್ಜತ್ ಹಪ್ಪಳ ಬೆಳೆದದ್ದು ಹೀಗೆಯೇ. ಒಂದೆಡೆ ಕಲಸಿದ ಹಿಟ್ಟನ್ನು ಮನೆಗೆ ಒಯ್ದು, ತಮ್ಮ ಮನೆಯಲ್ಲೇ ಲಟ್ಟಿಸಿ, ಹಪ್ಪಳ ತಂದುಕೊಡುತ್ತಾರೆ. ಜೋಳದ ಹಿಟ್ಟನ್ನು ನಾದಿ ಕೊಟ್ಟರೆ ಒಡೆಯುತ್ತದೆ, ನಡೆಯುವುದಿಲ್ಲ. ಒಣ ಹಿಟ್ಟನ್ನೇ ತೂಗಿ ಕೊಡಿ. ಕಿಲೋ ಹಿಟ್ಟಿಗೆ ನಿಮ್ಮ ಅಳತೆಯ ರೊಟ್ಟಿ ಎಷ್ಟಾಗುತ್ತವೆ ಎಂದು ಮೊದಲು ನೀವೇ ಬಡಿದು ನೋಡಿಕೊಳ್ಳಿ. ಹಿಟ್ಟು ತೂಗಿ ಕೊಡುವುದು, ರೊಟ್ಟಿ ಎಣಿಸಿ ತೆಗೆದುಕೊಳ್ಳುವುದು, ಕೂಲಿ ಅಂದಂದೇ. ಇಲ್ಲಿ ಬಾಕಿ ಇಟ್ಟರೆ ನೆರೆಹೊರೆಯ ನಂಟೂ ಕೆಡುತ್ತದೆ.

ಬಾಗಿಲು ಬಡಿಯುವವರ ವಿಷಯ. ಬೆಳಗ್ಗೆ ಎಂಟರಿಂದ ಹತ್ತು, ಸಂಜೆ ಐದರಿಂದ ಏಳು ಎಂದು ಬೋರ್ಡ್ ಬರೆಸಿ ಹೊರಗೆ ತೂಗುಹಾಕಿ. ಏಳರ ನಂತರ ಬಂದವರಿಗೆ ನಿಮ್ಮ ಯಜಮಾನರೋ ಅತ್ತೆಯವರೋ "ನಾಳೆ ಬರ್ರಿ" ಎನ್ನಲಿ. ಒಂದಿಬ್ಬರು ಮುನಿಸಿಕೊಂಡಾರು. ರೊಟ್ಟಿ ಚೆನ್ನಾಗಿದ್ದರೆ ಅವರು ಮರುದಿನ ಎಂಟಕ್ಕೆ ಬರುತ್ತಾರೆ.

ಪ್ರಶ್ನೆ: ನನ್ನದು ಕಿರಾಣಿ ಅಂಗಡಿ. ಬೆಳಗ್ಗೆ ಆರಕ್ಕೆ ತೆಗೆದರೆ ರಾತ್ರಿ ಹತ್ತಕ್ಕೆ ಶಟರ್ ಎಳೆಯುವುದು, ವಾರದ ರಜೆ ಇಲ್ಲ. ಹತ್ತೇ ನಿಮಿಷದಲ್ಲಿ ಸಾಮಾನು ಮನೆಗೆ ತಲುಪಿಸುವ ಆ್ಯಪ್‌ಗಳ ಕಾಲ ಇದು, ಒಂದು ದಿನ ಮುಚ್ಚಿದರೂ ಗಿರಾಕಿಗಳು ಕೈಬಿಡುತ್ತಾರೆಂಬ ಭಯ. ಹೆಂಡತಿಯ ತವರಿನ ಯಾವ ಕಾರ್ಯಕ್ಕೂ ನಾನು ಹೋಗಿಲ್ಲ ಎಂದು ಮನೆಯಲ್ಲಿ ದಿನಾ ಜಗಳ.
— ಓದುಗರೊಬ್ಬರು, ತುಮಕೂರು

ಉತ್ತರ: ಮಂಗಳವಾರ ಕ್ಷೌರದಂಗಡಿ ಮುಚ್ಚಿರುತ್ತದೆ ಎಂದು ಊರಿಗೆಲ್ಲ ಗೊತ್ತು. ಅದಕ್ಕಾಗಿ ಯಾರಾದರೂ ತಮ್ಮ ಅಂಗಡಿ ಬದಲಿಸಿದ್ದಾರೆಯೇ? ಸೋಮವಾರವೋ ಬುಧವಾರವೋ ಹೋಗುತ್ತಾರೆ. ಗಿರಾಕಿಗೆ ಸಿಟ್ಟು ಬರುವುದು ಯಾವಾಗ ಮುಚ್ಚಿರುತ್ತದೆಂದು ಗೊತ್ತಿಲ್ಲದಾಗ. ವಾರದಲ್ಲಿ ವ್ಯಾಪಾರ ಕಡಿಮೆ ಇರುವ ದಿನ ನೋಡಿ, ಮಧ್ಯಾಹ್ನದಿಂದ ಮುಚ್ಚುವುದೆಂದು ಗೊತ್ತುಮಾಡಿ, ಅದನ್ನು ಎಂದೂ ತಪ್ಪಿಸಬೇಡಿ. ನಿಮ್ಮ ಅಂಗಡಿಯಲ್ಲಿ ಕೆಲಸದ ಹುಡುಗರಿದ್ದರೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಅವರಿಗೆ ವಾರಕ್ಕೊಂದು ಪೂರ್ತಿ ದಿನ ರಜೆ ಸಲ್ಲಬೇಕು. ಅವರಿಗೂ ಮನೆಮಂದಿ ಇದ್ದಾರೆ, ಇದನ್ನು ಮರೆಯಬಾರದು.

ಆ್ಯಪ್ ವೇಗವಾಗಿ ತಲುಪಿಸುತ್ತದೆ, ನಿಜ. ಆದರೆ ತಿಂಗಳ ಕೊನೆಗೆ ಕೈ ಖಾಲಿಯಾದಾಗ ಚೀಟಿಯ ಮೇಲೆ ಬರೆದುಕೊಂಡು ಅಕ್ಕಿ-ಬೇಳೆ ಕೊಡುವವರು ನೀವು. ಆ ನಂಬಿಕೆಯ ಗಿರಾಕಿ ಅರ್ಧ ದಿನದ ರಜೆಗೆ ಓಡಿಹೋಗುವುದಿಲ್ಲ.

ಇನ್ನೊಂದು ಮಾತು, ಇದು ಮನೆಯ ನೆಮ್ಮದಿಗೂ ಸೇರಿದ್ದು. ಅಂಗಡಿಯ ಖಾತೆ ಬೇರೆ, ಮನೆಯ ಖಾತೆ ಬೇರೆ ಇರಲಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೊತ್ತ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕಾಗದ ಕಿತ್ತು "ನಗದು ಮಾತ್ರ" ಎಂದು ಅಂಟಿಸಿದ್ದರು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಎಂಬ ಮಿತಿ ಇದೆ. ಭಾವಮೈದ ಕಳಿಸಿದ ಕೈಸಾಲ, ಚೀಟಿ ಎತ್ತಿದ ಹಣ, ಅಂಗಡಿಯ ಗಳಿಕೆ ಎಲ್ಲ ಒಂದೇ ಖಾತೆಯಲ್ಲಿದ್ದರೆ ಯಾವುದು ಯಾವುದೆಂದು ತೋರಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಖಾತೆ ಬೇರೆಯಾದರೆ ಪ್ರತಿ ತಿಂಗಳು ಇಂತಿಷ್ಟು ಎಂದು ಹೆಂಡತಿಯ ಕೈಗೆ ಕೊಡುವುದೂ ಸಾಧ್ಯ. ಗಲ್ಲಾದಿಂದ ನೂರು, ಇನ್ನೂರು ಕೇಳಿ ಪಡೆಯುವ ಸ್ಥಿತಿ ಯಾವ ಹೆಣ್ಣಿಗೂ ಇಷ್ಟವಾಗುವುದಿಲ್ಲ. ನಿಮ್ಮ ಜಗಳದ ಅರ್ಧ ಅಲ್ಲೇ ಇದ್ದರೂ ಇರಬಹುದು, ಕೇಳಿ ನೋಡಿ. ತವರಿನ ಮುಂದಿನ ಕಾರ್ಯಕ್ಕೆ ಇಬ್ಬರೂ ಹೋಗಿ ಬನ್ನಿ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ. ನಮ್ಮದು ಬೇಕರಿ. ಕಾಲೇಜು ಮುಗಿಸಿ ಬಂದು ದಿನಾ ಸಂಜೆ ಒಂಬತ್ತರವರೆಗೆ ಗಲ್ಲಾದಲ್ಲಿ ಕೂರಬೇಕು. ಆಗುವುದಿಲ್ಲ ಎಂದರೆ ತಪ್ಪೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಪ್ಪಲ್ಲ ಮಗಳೇ. ಅಪ್ಪ-ಅಮ್ಮ ಕಷ್ಟಪಡುವುದನ್ನು ನೋಡುತ್ತಾ ಬೆಳೆದವಳಾದ್ದರಿಂದ ನಿನಗೆ ಹಾಗೆ ಅನಿಸಿದೆ. ಬೇಕರಿಗೆ ಸಂಜೆಯೇ ಒಳ್ಳೆಯ ವ್ಯಾಪಾರ, ಅವರಿಗೆ ಒಂದು ಕೈ ಬೇಕು ಎನ್ನುವುದೂ ನಿಜ. ಆ ಕೈ ಸಂಬಳದ್ದಾಗಿರಲಿ. ನೀನು ಕೂತರೆ ಸಂಬಳ ಉಳಿಯಿತು ಎಂದು ಅವರು ಲೆಕ್ಕ ಹಾಕುತ್ತಿರಬಹುದು. ನೀನು ಓದದೆ ಬಿಟ್ಟ ಪಾಠಗಳು ಆ ಲೆಕ್ಕದಲ್ಲಿ ಇಲ್ಲ.

ಭಾನುವಾರ ಬೆಳಗ್ಗೆ ನಾನು ಕೂರುತ್ತೇನೆ, ತಿಂಗಳ ಖರೀದಿಯ ಲೆಕ್ಕ ಬರೆದುಕೊಡುತ್ತೇನೆ ಎಂದು ನೀನಾಗಿಯೇ ಹೇಳು. ಅದು ನಿನಗೂ ಒಳ್ಳೆಯ ವಿದ್ಯೆ. ಉಳಿದಂತೆ ಮಾರ್ಚ್‌ನ ಪರೀಕ್ಷೆ ಮುಗಿಯುವವರೆಗೆ ಸಂಜೆ ಆರರಿಂದ ಒಂಬತ್ತು ಓದಿನ ಹೊತ್ತು. ಮೊದಲು ಅಮ್ಮನ ಹತ್ತಿರ ಮಾತಾಡು, ಅಪ್ಪನಿಗೆ ಅವರು ಹೇಳಲಿ. ಅಷ್ಟಕ್ಕೂ ಒಪ್ಪದಿದ್ದರೆ ಈ ಪುಟ ತೋರಿಸು.