ಸಂಪಾದಕರ ಉತ್ತರ: ಸಂಬಳ ಕೊಟ್ಟವರಿಗೆ ನಾವೆಷ್ಟು ಋಣಿಗಳು?

ಸಿಂಧನೂರು ತಾಲ್ಲೂಕಿನ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಹೆಸರು ಪ್ರಕಟಿಸಬಾರದೆಂಬ ಅವರ ಕೋರಿಕೆಯನ್ನು ಮನ್ನಿಸಿದ್ದೇನೆ. ಪತ್ರದ ಸಾರಾಂಶ ಹೀಗಿದೆ. ಅವರಿಗೆ 26 ವರ್ಷ. ಬಿ.ಕಾಂ. ಮುಗಿಸಿ ಕಿರುಸಾಲದ (ಮೈಕ್ರೋಫೈನಾನ್ಸ್) ಕಂಪನಿಯೊಂದರಲ್ಲಿ ಫೀಲ್ಡ್ ಆಫೀಸರ್ ಆಗಿ ಸೇರಿ ನಾಲ್ಕೂವರೆ ವರ್ಷವಾಗಿದೆ. ಬೆಳಗಿನ ಏಳಕ್ಕೆ ಬ್ರಾಂಚಿನಲ್ಲಿ ಮೀಟಿಂಗ್. ಹಿಂದಿನ ದಿನ ವಸೂಲಿ ಕಡಿಮೆಯಾದವರು ಮೀಟಿಂಗ್ ಮುಗಿಯುವವರೆಗೆ ನಿಂತೇ ಇರಬೇಕು. ರಾತ್ರಿ ಹತ್ತರ ಮೇಲೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರ ಹೆಸರಿನ ಪಟ್ಟಿ ಬರುತ್ತದೆ, ಹಿಂದೆ ಬಿದ್ದವರ ಹೆಸರಿಗೆ ಕೆಂಪು ಬಣ್ಣ ಬಳಿದು ಮ್ಯಾನೇಜರು ಅದರ ಕೆಳಗೆ ಬೈಗುಳ ಬರೆಯುತ್ತಾರೆ. ಮೂಲ ಅಂಕಪಟ್ಟಿಗಳು ಕಂಪನಿಯ ಕಪಾಟಿನಲ್ಲಿವೆ. ಫೋನಿನ ಸದ್ದು ಕೇಳಿದರೆ ಕೈ ನಡುಗುತ್ತದೆ ಎಂದು ಬರೆದಿದ್ದಾರೆ. ಗೆಳೆಯರು ‘ನಾಳೆಯೇ ರಾಜೀನಾಮೆ ಮುಖಕ್ಕೆ ಬಿಸಾಕು’ ಎನ್ನುತ್ತಾರೆ. ತಂದೆಯವರು ‘ಅನ್ನ ಹಾಕಿದ ಮನಿ ಬಾಗಿಲಾ ಒದೀಬಾರ್ದಪಾ’ ಎನ್ನುತ್ತಾರೆ. ಆದರೆ ಅವರು ನನ್ನನ್ನು ಕೇಳಿರುವ ಪ್ರಶ್ನೆ ಈ ಎರಡೂ ಅಲ್ಲ: ‘ಇವರ ಸಂಬಳ ಉಣ್ಣುತ್ತಲೇ ಗುಟ್ಟಾಗಿ ಬೇರೆ ಕೆಲಸ ಹುಡುಕುತ್ತಿದ್ದೇನೆ, ಇದು ದ್ರೋಹವಾಗುವುದಿಲ್ಲವೇ?’

ಆಗುವುದಿಲ್ಲ. ಒಂದು ಸಾಲಿನಲ್ಲಿ ಮುಗಿಸಬಹುದಾದ ಈ ಉತ್ತರವನ್ನು ವಿಸ್ತರಿಸಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮ ಸೀಮೆಯ ಎಷ್ಟೋ ಮಕ್ಕಳು ಕೆಟ್ಟ ಕೆಲಸಕ್ಕಿಂತ ಹೆಚ್ಚಾಗಿ ಈ ಪ್ರಶ್ನೆಯಿಂದಲೇ ಬೇಯುತ್ತಿದ್ದಾರೆ.

ಕಂಪನಿಯ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಕಾಲೇಜು ಮುಗಿಸಿ ಬಂದ ಹುಡುಗನಿಗೆ ಅವರು ಕೆಲಸ ಕೊಟ್ಟರು, ಲೆಕ್ಕ ಬರೆಯುವುದನ್ನೂ ಹಳ್ಳಿಯ ಜನರೊಡನೆ ವ್ಯವಹರಿಸುವುದನ್ನೂ ಕಲಿಸಿದರು, ತಿಂಗಳು ತಪ್ಪದೆ ಸಂಬಳ ಹಾಕಿದರು. ಇದು ನಿಜ, ಇದಕ್ಕೆ ಬೆಲೆಯೂ ಇದೆ. ಆ ಬೆಲೆಯನ್ನು ಈ ಓದುಗರು ಪ್ರತಿ ದಿನ ಸಂಜೆಯೊಳಗೆ ತೀರಿಸಿಯೇ ಮನೆಗೆ ಬಂದಿದ್ದಾರೆ ಎಂಬುದಷ್ಟೇ ನನ್ನ ಮಾತು. ಬಿಸಿಲಲ್ಲಿ ಊರೂರು ಸುತ್ತಿ, ಸಾಲ ಪಡೆದ ಮಹಿಳೆಯರ ಗುಂಪು ಸೇರುವ ಸೆಂಟರ್ ಮೀಟಿಂಗಿನಲ್ಲಿ ಕಂತು ಎಣಿಸಿ, ಹಣವನ್ನು ಬ್ರಾಂಚಿಗೆ ಒಪ್ಪಿಸಿದ ಮೇಲೆ ಆ ದಿನದ ಲೆಕ್ಕ ಚುಕ್ತಾ ಆಯಿತು. ಮರುದಿನಕ್ಕೆ ಉಳಿಯುವ ಬಾಕಿ ಯಾವುದೂ ಇಲ್ಲ.

ಪತ್ರದಲ್ಲಿ ಇನ್ನೊಂದು ವಿವರವಿದೆ. ಮೀಟಿಂಗ್ ನಡೆಯುವ ಕೋಣೆಯ ಗೋಡೆಯ ಮೇಲೆ ‘ಕಾಯಕವೇ ಕೈಲಾಸ’ ಎಂಬ ಫಲಕ ತೂಗುಹಾಕಿದ್ದಾರಂತೆ, ಹುಡುಗರನ್ನು ನಿಲ್ಲಿಸಿ ಬೈಯುವಾಗ ಮ್ಯಾನೇಜರು ಅದರತ್ತ ಬೆರಳು ತೋರಿಸುತ್ತಾರಂತೆ. ರಾಯಚೂರು ಜಿಲ್ಲೆಯಲ್ಲಿ ಕೂತು ಆ ಮಾತನ್ನು ಹೀಗೆ ಬಳಸುವುದು ನನಗೆ ಸಹಿಸಲಾಗದ ಸಂಗತಿ. ಬಸವಣ್ಣನವರ ಹೆಸರಿನಲ್ಲಿ ಎಲ್ಲರ ಬಾಯಲ್ಲೂ ಇರುವ ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಮಾರಯ್ಯನವರೂ ಅವರ ಮಡದಿ ಲಕ್ಕಮ್ಮನವರೂ ನಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಆ ವಚನವನ್ನು ಪೂರ್ತಿ ಓದಿದವರಿಗೆ ಗೊತ್ತಿದೆ: ಕಾಯಕದಲ್ಲಿ ತೊಡಗಿದವನು ಗುರುವಿನ ದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮನೇ ಎದುರು ನಿಂತರೂ ಅವನ ಹಂಗು ಹರಿಯಬೇಕು ಎನ್ನುತ್ತದೆ ಅದು. ಗುರುಲಿಂಗಜಂಗಮರ ಹಂಗನ್ನೇ ಹರಿಯಬೇಕೆಂದ ಮೇಲೆ ಬ್ರಾಂಚ್ ಮ್ಯಾನೇಜರನ ಹಂಗು ಎಲ್ಲಿ ಉಳಿಯಿತು? ಕಲ್ಯಾಣದಲ್ಲಿ ಅಕ್ಕಿ ಆಯ್ದು ಬದುಕುತ್ತಿದ್ದ ಗಂಡ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೇಕೆ, ಮರಳಿ ಸುರಿದು ಬಾ ಎಂದು ಕಳಿಸಿದವರು ಲಕ್ಕಮ್ಮ. ದುಡಿದಷ್ಟನ್ನು ತೆಗೆದುಕೊಳ್ಳಬೇಕು, ಅದಕ್ಕೂ ಮಿಕ್ಕ ಉಪಕಾರ ಯಾರಿಂದಲೂ ಬೇಡ ಎಂದು ಆ ಮನೆ ಬದುಕಿ ತೋರಿಸಿತು. ಅಂಥವರ ಮಾತನ್ನು ದುಡಿಯುವವನ ಬಾಯಿ ಮುಚ್ಚಿಸಲು ಗೋಡೆಗೆ ಏರಿಸುವುದು ಅವರಿಗೆ ಮಾಡುವ ಅಪಚಾರ.

ಋಣದ ಮಾತು ಕಡೆಗೆ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಓಣಿಯ ಹಿರಿಯರೊಬ್ಬರು ರಾಯಚೂರಿನ ಗಂಜಿನಲ್ಲಿ ಅಡತಿ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದರು. ಹತ್ತಿ ಸುಗ್ಗಿಯಲ್ಲಿ ರಾತ್ರಿಯೆಲ್ಲ ಚೀಟಿ ಬರೆದು, ಬೆಳಿಗ್ಗೆ ಮತ್ತೆ ಗದ್ದಿಗೆಯ ಪಕ್ಕ ಕೂರುತ್ತಿದ್ದವರು ಅವರು. ದುಪ್ಪಟ್ಟು ಸಂಬಳ ಕೊಡುತ್ತೇವೆಂದು ಬೇರೆ ಅಂಗಡಿಯವರು ಕರೆದಾಗ ‘ಸಾಹುಕಾರರ ಉಪ್ಪು ತಿಂದೀನಿ’ ಎಂದು ಹೋಗಲಿಲ್ಲ. ಕಣ್ಣು ಮಂಜಾದ ವರ್ಷ ಸಾಹುಕಾರರ ಮಕ್ಕಳು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಭವಿಷ್ಯ ನಿಧಿ ಇರಲಿಲ್ಲ, ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಮಾಲೀಕರು ಕೊಡಬೇಕಾದ ಗ್ರಾಚುಟಿ ಎಂಬ ಹಣವೊಂದಿದೆ ಎಂದು ಅವರಿಗೆ ಹೇಳಿದವರೂ ಇರಲಿಲ್ಲ. ಉಪ್ಪಿನ ಋಣವನ್ನು ಒಂದೇ ಕಡೆಯವರು ತೀರಿಸುತ್ತ ಹೋಗುವುದನ್ನು ನಾವು ನಿಷ್ಠೆ ಎಂದು ಹೊಗಳಿ ಹೊಗಳಿ ಇಂಥ ಮುದುಕರನ್ನು ಬರಿಗೈಯಲ್ಲಿ ಮನೆಗೆ ಕಳಿಸಿದ್ದೇವೆ.

ಹಾಗೆಂದು ಗೆಳೆಯರ ಮಾತು ಕೇಳಿ ನಾಳೆಯೇ ಹೊರಬೀಳಿ ಎಂದು ನಾನು ಹೇಳುತ್ತಿಲ್ಲ. ಗ್ರಾಚುಟಿಗೆ ಐದು ವರ್ಷಗಳ ನಿರಂತರ ಸೇವೆ ಬೇಕು. ವರ್ಷವೊಂದಕ್ಕೆ ಹದಿನೈದು ದಿನದ ವೇತನದಂತೆ, ತಿಂಗಳಿಗೆ 26 ದಿನ ಹಿಡಿದು ಅದನ್ನು ಲೆಕ್ಕ ಹಾಕುತ್ತಾರೆ. ಮೂಲ ವೇತನವೂ ತುಟ್ಟಿಭತ್ಯೆಯೂ ಸೇರಿ ₹13,000 ಇದೆ ಎಂದಿಟ್ಟುಕೊಂಡರೆ ಐದು ವರ್ಷಕ್ಕೆ ₹37,500 ಆಗುತ್ತದೆ. ಈ ಓದುಗರಿಗೆ ಇನ್ನು ಆರು ತಿಂಗಳು ಬಾಕಿ. ಸಿಟ್ಟಿನ ಒಂದು ಗಳಿಗೆಗೆ ಅಷ್ಟು ಹಣ ತೆತ್ತರೆ ಅದರಿಂದ ನೋಯುವವರು ಮ್ಯಾನೇಜರಲ್ಲ. ಬೇರೆ ಕೆಲಸ ಅದಕ್ಕೂ ಮೊದಲೇ ಕೈಗೆ ಬಂದು, ಅದು ಒಳ್ಳೆಯದೂ ಆಗಿದ್ದರೆ, ಈ ಹಣವನ್ನು ಬಿಟ್ಟುಹೋಗಲೂ ಹಿಂಜರಿಯಬೇಕಿಲ್ಲ. ಲೆಕ್ಕ ಗೊತ್ತಿದ್ದು ಬಿಡುವುದು ಬೇರೆ, ಗೊತ್ತಿಲ್ಲದೆ ಕಳೆದುಕೊಳ್ಳುವುದು ಬೇರೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕಾರ್ಮಿಕ ಸಂಹಿತೆಗಳ ಪ್ರಕಾರ ರಾಜೀನಾಮೆ ಕೊಟ್ಟು ಹೊರಬಂದವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ‘ಬಿಟ್ಟರೆ ಈ ತಿಂಗಳ ಸಂಬಳ ಹಿಡಿಯುತ್ತೇವೆ’ ಎಂದು ಹೆದರಿಸುವವರಿಗೆ ಇದನ್ನು ತಿಳಿಸಬಹುದು. ನೇಮಕಾತಿ ಪತ್ರದಲ್ಲಿ ಬಾಂಡ್ ಇದ್ದರೆ ಮಾತ್ರ ಎಚ್ಚರಿಕೆಯಿಂದ ಓದಿಕೊಳ್ಳಬೇಕು. ಮೂರು ವರ್ಷದೊಳಗೆ ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡಬೇಕೆಂಬ ಬ್ಯಾಂಕೊಂದರ ಷರತ್ತನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿ ಹಿಡಿದಿದೆ.

ಇಲ್ಲಿಯವರೆಗೆ ಹೇಳಿದ್ದು ದುಡ್ಡಿನ ವಿಚಾರ. ಪತ್ರದಲ್ಲಿ ನನ್ನ ನಿದ್ದೆ ಕೆಡಿಸಿದ ಭಾಗ ಬೇರೆ. ಎರಡು ಕಂತು ಬಾಕಿ ಉಳಿಸಿಕೊಂಡ ಮಹಿಳೆಯೊಬ್ಬರ ಮನೆಯ ಮುಂದೆ ಸಂಜೆ ಏಳರ ಮೇಲೆ ಇವರನ್ನು ನಿಲ್ಲಿಸಿ, ಮ್ಯಾನೇಜರು ಫೋನಿನ ಸ್ಪೀಕರ್ ಹಾಕಿಸಿ, ‘ದುಡ್ಡು ಕೊಡೋತನಕ ಹೊಸ್ತಿಲಾ ಬಿಟ್ಟು ಕದಲಬೇಡ’ ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ್ದಾರೆ. ಆ ತಾಯಿ ಜೋಳದ ಡಬ್ಬಿಯಿಂದ ಐನೂರರ ಒಂದು ನೋಟು ತೆಗೆದು, ನಾಲ್ಕು ಮಡಿಕೆ ಬಿಡಿಸಿ, ಇವರ ಕೈಗಿಟ್ಟು, ‘ನೀ ಏನ್ ಮಾಡ್ತಿ ತಮ್ಮಾ, ನಿನ್ ಹೊಟ್ಟಿಪಾಡು’ ಎಂದರಂತೆ. ಕೆಟ್ಟ ಕೆಲಸದ ಜಾಗ ನಮಗೆ ಮಾಡುವ ದೊಡ್ಡ ಕೇಡು ಇದು: ಬೆಳಿಗ್ಗೆ ನಾವು ಉಂಡ ಅವಮಾನವನ್ನು ಸಂಜೆ ನಮಗಿಂತ ಬಡವರಿಗೆ ಬಡಿಸುವಂತೆ ಮಾಡುತ್ತದೆ. ರಿಸರ್ವ್ ಬ್ಯಾಂಕಿನ 2022ರ ನಿಯಮಗಳಲ್ಲಿ ಕಿರುಸಾಲದವರಿಗೆ ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ನಂತರ ಫೋನು ಮಾಡುವುದನ್ನೇ ಕಿರುಕುಳ ಎಂದು ಕರೆದಿದ್ದಾರೆ. ಕರ್ನಾಟಕ ಸರ್ಕಾರ 2025ರಲ್ಲಿ ತಂದ ಕಾನೂನಿನಲ್ಲಿ ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡವಿದೆ. ಪೊಲೀಸರು ಬಂದ ದಿನ ಆ ಹೊಸ್ತಿಲಲ್ಲಿ ಸಿಗುವುದು ಫೋನಿನಾಚೆಯ ದನಿಯಲ್ಲ, ಈ ಹುಡುಗ. ಆದ್ದರಿಂದ ಇವರಿಗೆ ಖಚಿತವಾಗಿ ಹೇಳುತ್ತೇನೆ: ಉಳಿದಿರುವ ತಿಂಗಳುಗಳಲ್ಲಿ ಸಂಜೆ ಆರರ ನಂತರ ಯಾರ ಮನೆಯ ಮುಂದೆಯೂ ನಿಲ್ಲಬೇಡಿ, ನಿಲ್ಲುವುದಿಲ್ಲವೆಂದು ಬರವಣಿಗೆಯಲ್ಲಿ ತಿಳಿಸಿ, ಆ ಸಂದೇಶದ ಪ್ರತಿಯನ್ನೂ ಬೈಗುಳದ ಸಂದೇಶಗಳನ್ನೂ ನಿಮ್ಮ ಸ್ವಂತ ಫೋನಿನಲ್ಲಿ ಜೋಪಾನ ಮಾಡಿ. ಸಾಲಗಾರರ ಪಟ್ಟಿ, ಫೋನ್ ನಂಬರುಗಳನ್ನು ಮಾತ್ರ ಮುಟ್ಟಬೇಡಿ. ‘ನಿಮ್ಮ ಸೆಂಟರ್‌ಗಳನ್ನೂ ಕರ್ಕೊಂಡು ಬನ್ನಿ, ಸಂಬಳ ಜಾಸ್ತಿ ಕೊಡ್ತೀವಿ’ ಎಂದು ಕರೆಯುವ ಕಂಪನಿ ನಾಳೆ ನಿಮ್ಮನ್ನು ಅದೇ ಹೊಸ್ತಿಲ ಮೇಲೆ ನಿಲ್ಲಿಸುತ್ತದೆ.

ಇನ್ನು ಬೈಯಬೇಕಾದ ಮಾತು. ಕಳೆದ ವರ್ಷ ಗ್ರಾಮೀಣ ಬ್ಯಾಂಕ್ ಪರೀಕ್ಷೆಯ ಪ್ರವೇಶಪತ್ರ ಕೈಯಲ್ಲಿದ್ದರೂ, ಆ ಭಾನುವಾರ ಬ್ರಾಂಚಿನಲ್ಲಿ ಬಾಕಿ ವಸೂಲಿಗೆ ಕರೆದರೆಂದು ಹೋಗಲಿಲ್ಲ ಎಂದು ಬರೆದಿದ್ದೀರಿ. ಇದನ್ನು ಓದಿ ನನಗೆ ನಿಮ್ಮ ಮ್ಯಾನೇಜರ ಮೇಲಿನಷ್ಟೇ ಸಿಟ್ಟು ನಿಮ್ಮ ಮೇಲೂ ಬಂತು. ರಜೆಯ ದಿನ ನಿಮ್ಮದು, ಅದನ್ನು ಕೇಳುವ ಹಕ್ಕು ಅವರಿಗಿರಲಿಲ್ಲ, ಕೊಡುವ ಉದಾರತೆ ನಿಮಗೂ ಬೇಕಿರಲಿಲ್ಲ. 2025ರ ಮೇ ತಿಂಗಳಿಂದ ರಾಜ್ಯದ ಗ್ರಾಮೀಣ ಬ್ಯಾಂಕುಗಳೆರಡೂ ಒಂದಾಗಿ, ಅದರ ಪ್ರಧಾನ ಕಚೇರಿ ನಮ್ಮ ಬಳ್ಳಾರಿಯಲ್ಲಿದೆ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಸಾಮಾನ್ಯ ವರ್ಗಕ್ಕೆ ಆಫೀಸ್ ಅಸಿಸ್ಟೆಂಟ್ ಹುದ್ದೆಗೆ 28, ಅಧಿಕಾರಿ ಹುದ್ದೆಗೆ 30 ವರ್ಷದ ಮಿತಿಯಿದೆ. ಹಳ್ಳಿಗಳಲ್ಲಿ ಸಾಲದ ವ್ಯವಹಾರವನ್ನು ನಾಲ್ಕೂವರೆ ವರ್ಷ ಕಣ್ಣಾರೆ ಕಂಡ ನಿಮಗಿಂತ ಆ ಕೆಲಸ ಬಲ್ಲವರು ಎಷ್ಟು ಜನ ಸಿಕ್ಕಾರು? ಅದೊಂದನ್ನೇ ನೆಚ್ಚಿಕೊಂಡು ಕೂರಬೇಡಿ. ಸಿಂಧನೂರು, ಕಾರಟಗಿ, ಗಂಗಾವತಿಯ ಅಕ್ಕಿ ಗಿರಣಿಗಳಿಗೂ ರಾಯಚೂರಿನ ಜಿನ್ನಿಂಗ್ ಮಿಲ್ಲುಗಳಿಗೂ ಬಳ್ಳಾರಿಯ ಜೀನ್ಸ್ ಘಟಕಗಳಿಗೂ ಟ್ಯಾಲಿ, ಜಿಎಸ್‌ಟಿ ಬಲ್ಲ ಬಿ.ಕಾಂ. ಹುಡುಗರು ಬೇಕು. ರಾತ್ರಿ ಆ ಕೆಂಪು ಪಟ್ಟಿ ಬರುವ ಹೊತ್ತಿಗೆ ಫೋನು ಬಂದ್ ಮಾಡಿ ಒಂದು ತಾಸು ಇದನ್ನು ಕಲಿಯಿರಿ. ಪಟ್ಟಿಯನ್ನು ಬೆಳಿಗ್ಗೆ ನೋಡಿದರೆ ಅದರಲ್ಲಿನ ಅಂಕಿಯೇನೂ ಬದಲಾಗುವುದಿಲ್ಲ.

ಕೈ ನಡುಗುವ ವಿಚಾರವನ್ನು ನೀವು ಒಂದೇ ಸಾಲಿನಲ್ಲಿ, ಅದೂ ‘ಕ್ಷಮಿಸಿ’ ಎಂಬ ಮಾತಿನೊಂದಿಗೆ ಬರೆದಿದ್ದೀರಿ. ಕ್ಷಮೆ ಕೇಳುವಂಥದ್ದು ಅದರಲ್ಲಿ ಏನೂ ಇಲ್ಲ. ಮನಸ್ಸಿನ ಕಾಯಿಲೆಗೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಚಿಕಿತ್ಸೆ ಕೊಡಬಹುದೆಂದು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ; 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೆ ಹಬ್ಬಿದ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಇಂದು ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ನಿದ್ದೆಯೂ ಊಟವೂ ಪೂರ್ತಿ ಕೆಟ್ಟು, ಬದುಕೇ ಬೇಡವೆನಿಸುವ ಹಂತ ಬಂದರೆ ಮೇಲಿನ ₹37,500ರ ಲೆಕ್ಕವನ್ನು ಅಲ್ಲಿಯೇ ಬಿಟ್ಟು ಹೊರಬನ್ನಿ. ಆಗ ನಿಮ್ಮ ಗೆಳೆಯರು ಹೇಳಿದ್ದೇ ಸರಿ.

ಈ ಋಣದ ಮಾತು ನಮ್ಮ ಭಾಗದಲ್ಲೇ ಇಷ್ಟು ಗಟ್ಟಿಯಾಗಿ ಕೇಳುವುದೇಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ಬೇರೆ ದಾರಿ ಇರುವವರ ಮುಂದೆ ಯಾವ ಮಾಲೀಕನೂ ಉಪ್ಪಿನ ಮಾತು ಎತ್ತುವುದಿಲ್ಲ. ದೇವದುರ್ಗ, ಮಾನ್ವಿ, ಕುಷ್ಟಗಿಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಬೀಗ ಬಿದ್ದ ಮನೆಗಳ ಸಾಲು ನೋಡಿದವರಿಗೆ ಗುಳೆ ಎಂದರೇನು ಎಂದು ಹೇಳಬೇಕಿಲ್ಲ. ಊರಲ್ಲೇ ಉಳಿದು ತಿಂಗಳ ಸಂಬಳ ಎಣಿಸುವ ಹುಡುಗ ಅಂಥ ಓಣಿಯಲ್ಲಿ ಭಾಗ್ಯವಂತನಾಗಿ ಕಾಣುತ್ತಾನೆ, ಆ ಭಾಗ್ಯವನ್ನೇ ಹಿಡಿದು ಅವನನ್ನು ಬಗ್ಗಿಸುತ್ತಾರೆ. ‘ಈ ಹಿಂದುಳಿದ ಭಾಗಕ್ಕೆ ಬಂದು ನಿಮಗೆಲ್ಲ ಕೆಲಸ ಕೊಟ್ಟೀವಿ’ ಎಂಬ ಮಾತನ್ನು ಕಾರ್ಖಾನೆಯ ಗೇಟಿನಲ್ಲೂ ಖಾಸಗಿ ಶಾಲೆಯ ಕಚೇರಿಯಲ್ಲೂ ನಾನು ಕೇಳಿದ್ದೇನೆ. ನಮ್ಮ ನೆಲ, ನಮ್ಮ ತುಂಗಭದ್ರೆಯ ನೀರು, ನಮ್ಮ ಅದಿರು ತೆಗೆದುಕೊಂಡವರು ನಮಗೆ ಋಣಿಗಳೆಂದು ಯಾವ ಗೇಟಿನಲ್ಲೂ ಹೇಳಿದ್ದು ಕೇಳಿಲ್ಲ. 2012ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಿ ನಮ್ಮ ಕಲ್ಯಾಣ ಕರ್ನಾಟಕಕ್ಕೆಂದೇ 371ಜೆ ವಿಧಿ ಬಂತು, ಸರ್ಕಾರಿ ನೌಕರಿಯಲ್ಲಿ ನಮಗೆ ಮೀಸಲು ಸಿಕ್ಕಿತು, ಆದರೆ ಮಂಜೂರಾದ ಹುದ್ದೆಗಳನ್ನು ತುಂಬದೆ ಖಾಲಿ ಇಟ್ಟರೆ ಮೀಸಲಿನಿಂದ ಆಗುವುದೇನು? ಯುವನಿಧಿಯ ಹಣ ಓದು ಮುಗಿಸಿ ಕೆಲಸ ಸಿಗದವರಿಗೆ ಬರುತ್ತದೆ. ದುಡಿದು ನೊಂದು ಹೊರಬಂದ ಈ ಹುಡುಗನಿಗೆ ಎರಡು ತಿಂಗಳ ಅಕ್ಕಿಗೆ ಆಗುವ ಯೋಜನೆ ಯಾವುದಿದೆ? ಅದು ಇದ್ದಿದ್ದರೆ ಅವರು ನನಗೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಅಂಕಪಟ್ಟಿಗಳ ವಿಚಾರ ಉಳಿಯಿತು. ಕೊಪ್ಪಳದ ಶಿಕ್ಷಕಿಯೊಬ್ಬರು ಇದೇ ತೊಡಕಿನಲ್ಲಿದ್ದಾಗ, ಪರಿಶೀಲನೆ ಮುಗಿದಿರುವುದರಿಂದ ಮೂಲ ಪ್ರತಿಗಳನ್ನು ಮರಳಿಸಬೇಕೆಂದು ನಾಲ್ಕು ಸಾಲಿನ ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರು. ಬಾಯಲ್ಲಿ ಕೇಳಿದಾಗಲೆಲ್ಲ ಗದರಿಸುತ್ತಿದ್ದವರು, ತಲುಪಿದ ದಾಖಲೆ ಇರುವ ಪತ್ರ ಬಂದ ಮೇಲೆ ತಾವೇ ಕರೆದು ಕೊಟ್ಟರು. ನೀವೂ ಹಾಗೇ ಮಾಡಿ, ಕಾರಣದ ಜಾಗದಲ್ಲಿ ‘ಬ್ಯಾಂಕ್ ಪರೀಕ್ಷೆಗೆ ಬೇಕು’ ಎಂದೇ ಬರೆಯಿರಿ. ಕೊಡದಿದ್ದರೆ ವಿಶ್ವವಿದ್ಯಾಲಯದಿಂದ ನಕಲು ಅಂಕಪಟ್ಟಿ ಪಡೆಯುವ ದಾರಿಯಿದೆ. ಅದರೊಂದಿಗೆ ನಿಮ್ಮ ಯುಎಎನ್ (ಭವಿಷ್ಯ ನಿಧಿ ಖಾತೆಯ) ಸಂಖ್ಯೆ ಹಾಕಿ ಪಿ.ಎಫ್. ಪಾಸ್‌ಬುಕ್ ತೆರೆದು, ಸಂಬಳದಲ್ಲಿ ಕಡಿದ ಹಣ ಪ್ರತಿ ತಿಂಗಳು ಜಮಾ ಆಗಿದೆಯೇ ಎಂದು ಈ ವಾರವೇ ನೋಡಿಕೊಳ್ಳಿ. ಕೆಲಸ ಹುಡುಕುತ್ತಿರುವುದನ್ನು ಮ್ಯಾನೇಜರಿಗೆ ಹೇಳಬೇಕಿಲ್ಲ. ತಂದೆಯವರಿಗೆ ಹೇಳಿ. ಆ ತಾಯಿ ಕೊಟ್ಟ ಐನೂರರ ನೋಟಿನ ಸಂಗತಿಯನ್ನು ನೀವು ಇನ್ನೂ ಅವರಿಗೆ ತಿಳಿಸಿಲ್ಲವೆಂದು ಪತ್ರದಿಂದ ಗೊತ್ತಾಗುತ್ತದೆ. ಅದನ್ನು ಕೇಳಿದ ಮೇಲೂ ಅಲ್ಲೇ ಇರು ಎನ್ನುವ ರೈತ ನಮ್ಮ ಕಡೆ ಇದ್ದಾನೆಂದು ನನಗನ್ನಿಸುವುದಿಲ್ಲ.